ಇಪ್ಪತ್ತು ಪುಸ್ತಕದ ಪಟ್ಟಿ ಯಾರಿಗೆ?

ಕಳೆದ ಸಭೆಯಲ್ಲಿ ನಮ್ಮ ಸಂಘ ಒಂದು ತೀರ್ಮಾನ ಮಾಡಿತು. ಚೆನ್ನೈನ ಕನ್ನಡ ಮನೆಗಳ ಹುಡುಗ ಹುಡುಗಿಯರು ಬೇಸಿಗೆಯಲ್ಲಿ ಓದಲೇಬೇಕಾದ ಇಪ್ಪತ್ತು ಪುಸ್ತಕಗಳ ಪಟ್ಟಿ ತಯಾರಿಸಿ ಇದೇ ಪತ್ರಿಕೆಯಲ್ಲಿ ಹಾಕುವುದು ಎಂದು. ಕೈ ಎತ್ತಿದವರಲ್ಲಿ ನಾನೂ ಒಬ್ಬ. ಎತ್ತಿದ ಕೈ ಇಳಿಸಿದ ಮೇಲೆ ಯೋಚನೆ ಶುರುವಾಯಿತು. ಈಗ ಆ ಪಟ್ಟಿ ಬೇಡ ಅಂತ ಬರೆಯುತ್ತಿದ್ದೇನೆ. ಸಂಪಾದಕರು ಬೈದರೆ ಬೈಯಲಿ, ಲೇಖನ ಮಾತ್ರ ಹಾಕಲಿ.

ನನ್ನ ಮನಸ್ಸು ತಿರುಗಿದ್ದು ಚಿಕ್ಕಮ್ಮನ ಮನೆಯಲ್ಲಿ. ಅವರಿರುವುದು ನಂಗನಲ್ಲೂರಿನಲ್ಲಿ. ಮಗಳಿಗೆ ಹದಿನೈದು, ಮಗನಿಗೆ ಹದಿಮೂರು. 2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದಾಗ ಮನೆಯಲ್ಲಿ ಕೂತ ಮಕ್ಕಳು ಆಮೇಲೆ ಶಾಲೆಗೆ ಹೋಗಲೇ ಇಲ್ಲ. ಚಿಕ್ಕಪ್ಪ ಲೆಕ್ಕ, ವಿಜ್ಞಾನ ಹೇಳಿಕೊಡುತ್ತಾರೆ, ಉಳಿದದ್ದು ಚಿಕ್ಕಮ್ಮ. ನೆಂಟರೆಲ್ಲ ಮೊದಲು ಕೇಳುವುದು “ಪರೀಕ್ಷೆ ಹೆಂಗೆ?” ಅಂತ. ಅದಕ್ಕೇನೂ ತೊಂದರೆಯಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎಲ್ಲರೂ ಎನ್‌ಐಓಎಸ್ ಅನ್ನುತ್ತಾರಲ್ಲ, ಅಲ್ಲಿ ಹದಿನಾಲ್ಕು ತುಂಬಿದವರು ಮನೆಯಲ್ಲೇ ಓದಿ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬಹುದು. ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ. ವರ್ಷಕ್ಕೆ ಎರಡು ಸಲ ಪರೀಕ್ಷೆ: ಏಪ್ರಿಲ್-ಮೇ ಒಂದು, ಅಕ್ಟೋಬರ್-ನವೆಂಬರ್ ಒಂದು. ಈ ಹುಡುಗಿ ಕೂರುವುದು ಅಕ್ಟೋಬರಿಗೆ.

ಶಾಲೆಯೇ ಇಲ್ಲದವರಿಗೆ ಬೇಸಿಗೆ ರಜೆ ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ನಾನೂ ಕೇಳಿದೆ. “ರಜೆ ಇಲ್ಲದಿದ್ರೇನು, ಬೇಸಿಗೆ ಇದೆಯಲ್ಲಪ್ಪಾ” ಅಂದರು ಚಿಕ್ಕಮ್ಮ. ನಿಜ. ಮೇ ತಿಂಗಳ ಕತ್ತರಿ ಬಿಸಿಲಿನಲ್ಲಿ ಚೆನ್ನೈನ ಯಾವ ಮನೆಯ ಮಕ್ಕಳೂ ಹತ್ತು ಗಂಟೆಯ ಮೇಲೆ ಹೊರಗೆ ಕಾಲಿಡುವುದಿಲ್ಲ. ಸಂಜೆ ಕಡಲ ಗಾಳಿ ಬೀಸುವ ತನಕ ಫ್ಯಾನಿನ ಕೆಳಗೇ ವಾಸ. ಆ ಏಳು ಗಂಟೆ ಹೊತ್ತಿಗೆ ಕನ್ನಡ ಪುಸ್ತಕ ಆರಿಸಿಕೊಡು ಎಂದು ನನಗೆ ಹೇಳಿದರು. ನಾನು ಹತ್ತನೆಯವರೆಗೆ ತಾಳವಾಡಿ ಕಡೆ ಕನ್ನಡ ಮೀಡಿಯಂನಲ್ಲಿ ಓದಿದವನು. ಈಗ ಬಿ.ಕಾಂ. ಓದುತ್ತಿದ್ದರೂ ಆ ಮನೆಯ ಮಟ್ಟಿಗೆ ನಾನೇ ಕನ್ನಡ ಪಂಡಿತ!

ಪಂಡಿತ ಮಾಡಿದ್ದೇನು? ಪಟ್ಟಿ. ಮೊದಲನೆಯ ಹೆಸರು ‘ಮಲೆಗಳಲ್ಲಿ ಮದುಮಗಳು’. ಅದನ್ನು ನಾನೇ ಕೊನೆಯವರೆಗೆ ಓದಿಲ್ಲ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಹುಡುಗಿ ಮೂರು ಪುಟ ಓದಿ ಗುರುತಿಗೆ ಬಸ್ ಟಿಕೆಟ್ ಇಟ್ಟಳು. ಆ ಟಿಕೆಟ್ ಇವತ್ತಿಗೂ ಅಲ್ಲೇ ಇದೆ. ಸರಿ, ಕಷ್ಟವಾಯಿತೇನೋ ಅಂತ ಮುಂದಿನ ವಾರ ಚಿತ್ರ ಇರುವ ನೀತಿಕಥೆ ಪುಸ್ತಕ ನಾಲ್ಕು ತೆಗೆದುಕೊಂಡು ಹೋದೆ. ದೊಡ್ಡಕ್ಷರ, ಸಣ್ಣ ವಾಕ್ಯ, ಕೊನೆಯಲ್ಲಿ ಬುದ್ಧಿವಾದ. ಅವಳು ಒಂದನ್ನು ತೆರೆದು ನೋಡಿ, “ಅಣ್ಣಾ, ನನಗೆ ಎಷ್ಟು ವಯಸ್ಸು ಅಂದ್ಕೊಂಡಿದ್ದೀಯ?” ಅಂದಳು. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

ನಮ್ಮ ಪಟ್ಟಿಯ ತಪ್ಪು ಇರುವುದು ಇಲ್ಲೇ. ಈ ಊರಿನ ಕನ್ನಡ ಮಕ್ಕಳಿಗೆ ಕನ್ನಡದಲ್ಲಿ ಒಂದೇ ವಯಸ್ಸಲ್ಲ, ಮೂರು ವಯಸ್ಸು. ಕಣ್ಣಿಗೆ ಎರಡನೇ ಕ್ಲಾಸು, ಒತ್ತಕ್ಷರ ಬಂದರೆ ಎಡವುತ್ತದೆ. ಬುದ್ಧಿಗೆ ಹತ್ತನೇ ಕ್ಲಾಸು. ಇಂಗ್ಲಿಷಿನಲ್ಲಿ ದಪ್ಪ ದಪ್ಪ ಕಾದಂಬರಿ ಓದಿ ಮುಗಿಸುತ್ತಾರೆ, ತಮಿಳು ಪೇಪರು ಸರಾಗ. ಕಿವಿಗೆ ಮಾತ್ರ ಅಜ್ಜಿಯ ವಯಸ್ಸು! ಯಾಕೆಂದರೆ ಕನ್ನಡವೆಲ್ಲ ಬಂದದ್ದು ಅಜ್ಜಿಯ ಬಾಯಿಂದ. ನಮ್ಮ ತಾಳವಾಡಿ ಅಜ್ಜಿಯ ‘ಯಾತಕ್ಕೆ’, ‘ಅತ್ಲಾಗೆ’ ಎಲ್ಲ ನಂಗನಲ್ಲೂರಿನಲ್ಲಿ ಹುಟ್ಟಿದ ಈ ಮಕ್ಕಳ ಬಾಯಲ್ಲೂ ಇವೆ. ಪಟ್ಟಿ ಮಾಡುವವರು ಒಂದೋ ಬುದ್ಧಿ ನೋಡುತ್ತಾರೆ, ಇಲ್ಲಾ ಕಣ್ಣು ನೋಡುತ್ತಾರೆ. ಕಿವಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಶಾಲೆಗೆ ಹೋಗುವ ಮಕ್ಕಳಿಗೂ ಇದೇ ಕಥೆ. 2006ರ ಕಾಯಿದೆಯಾದ ಮೇಲೆ ಈ ರಾಜ್ಯದ ಶಾಲೆಗಳಲ್ಲಿ ಹತ್ತನೆಯವರೆಗೆ ತಮಿಳು ಹಂತ ಹಂತವಾಗಿ ಕಡ್ಡಾಯವಾಯಿತು. ತಮಿಳು ಕಲಿತದ್ದಕ್ಕೆ ನನಗೆ ಬೇಜಾರಿಲ್ಲ, ಅದರಿಂದಲೇ ಈ ಊರಿನಲ್ಲಿ ಬದುಕುತ್ತಿದ್ದೇನೆ. ಆದರೆ ಹೆಚ್ಚಿನ ಶಾಲೆಗಳ ವೇಳಾಪಟ್ಟಿಯಲ್ಲಿ ಕನ್ನಡಕ್ಕೆ ಒಂದು ಪೀರಿಯಡ್ಡೂ ಇಲ್ಲ. ಮನೆಯಲ್ಲಿ ಓದುವ ಮಕ್ಕಳಿಗೆ ವೇಳಾಪಟ್ಟಿ ಬರೆಯುವವರು ತಂದೆ ತಾಯಿಯೇ. ಇಷ್ಟು ಸ್ವಾತಂತ್ರ್ಯ ಇಟ್ಟುಕೊಂಡು ಅವರೂ ಕೋಡಿಂಗ್, ಅಬಾಕಸ್ ತುಂಬಿದರೆ ಯಾರನ್ನು ಬೈಯುವುದು? ಬಳಸದ ಯಂತ್ರಕ್ಕೂ ನಾವು ವರ್ಷ ವರ್ಷ ಸವಕಳಿ ಹಾಕುತ್ತೇವೆ. ಅಜ್ಜಿ ಸ್ಲೇಟಿನ ಮೇಲೆ ತಿದ್ದಿಸಿದ ಅಕ್ಷರಕ್ಕೂ ಅದೇ ಗತಿ.

ಅದಿರಲಿ, ಆ ಮನೆಯಲ್ಲಿ ಕೊನೆಗೆ ಓಡಿದ ಪುಸ್ತಕ ಯಾವುದು ಅಂತ ಹೇಳುತ್ತೇನೆ. ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’. ಡಿ.ವಿ.ಜಿ.ಯವರ ಮಗನಾದ ಸ್ವಾಮಿಯವರು ಇದೇ ಊರಿನವರೂ ಹೌದು ಅನ್ನಬಹುದು. ಮರೀನಾ ಎದುರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಹಳ ವರ್ಷ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋದದ್ದನ್ನೇ ‘ಹಸುರು ಹೊನ್ನು’ ಎಂದು ಬರೆದರು, ಗಿಡಗಳ ಚಿತ್ರ ತಾವೇ ಹಾಕಿದರು, ಅದಕ್ಕೆ 1978ರಲ್ಲಿ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು. ನಮ್ಮ ಇಪ್ಪತ್ತರಲ್ಲಿ ಅವರ ಹೆಸರೇ ಇರಲಿಲ್ಲ! ಮದರಾಸಿನಲ್ಲಿ ಕೂತು ಕನ್ನಡ ಬರೆದವರನ್ನು ಮದರಾಸಿನ ಕನ್ನಡ ಸಂಘವೇ ಮರೆಯುವುದು ಅಂದರೆ ಏನು ಹೇಳಲಿ.

ಹುಡುಗಿಗೆ ಅಡಿಗೆಯ ಹುಚ್ಚು. ಆಲೂಗಡ್ಡೆ, ಟೊಮೇಟೊ, ಕಡಲೆಕಾಯಿ, ಮೆಣಸಿನಕಾಯಿ ಎಲ್ಲ ಸಮುದ್ರ ದಾಟಿ ಬಂದವು ಅಂದಾಗ ಅವಳು ಕಿವಿ ನಿಮಿರಿಸಿದಳು. ಅವಳಿಗಿಂತ ಹೆಚ್ಚಾಗಿ ಅಜ್ಜಿ. “ಮೆಣಸಿನಕಾಯಿ ನಮ್ದಲ್ವಂತಾ? ನಮ್ಮವ್ವ ಯಾತರಲ್ಲಿ ಖಾರ ಅರೀತಿದ್ಲು ಮತ್ತೆ?” ಎಂದು ಜಗಳಕ್ಕೇ ಬಂದರು. ಅಜ್ಜಿಯನ್ನು ಸೋಲಿಸಬೇಕು ಅನ್ನುವ ಹಟಕ್ಕೆ ಹುಡುಗಿ ಪುಸ್ತಕ ಕೈಯಲ್ಲಿ ಹಿಡಿದಳು. ಬೆರಳಿಟ್ಟುಕೊಂಡು ಓದಿದಳು, ಒತ್ತಕ್ಷರಕ್ಕೆ ನಿಂತಳು, ಸಸ್ಯಗಳ ಲ್ಯಾಟಿನ್ ಹೆಸರು ಬಂದಾಗ ಮಾತ್ರ ನನಗಿಂತ ಸಲೀಸಾಗಿ ಓದಿದಳು. ಮೂರನೆಯ ದಿನ ಅವಳೇ ಒಂದು ಮಾತು ಕಂಡುಹಿಡಿದಳು. ಕನ್ನಡದಲ್ಲಿ ಮೆಣಸು ಮೊದಲು, ಅದರ ಮೇಲೆ ಮೆಣಸಿನಕಾಯಿ. ತಮಿಳಿನಲ್ಲೂ ಮಿಳಗು, ಆಮೇಲೆ ಮಿಳಗಾಯ್. ಹೊಸದಾಗಿ ಬಂದದ್ದಕ್ಕೆ ಹಳೆಯದರ ಹೆಸರನ್ನೇ ಎರಡು ಕಡೆಯವರೂ ಕೊಟ್ಟಿದ್ದಾರೆ! ಶ್ರಾದ್ಧದ ಅಡಿಗೆಗೆ ಮೆಣಸಿನಕಾಯಿ ಹಾಕದೆ ಮೆಣಸು ಹಾಕುವ ಮನೆಗಳು ಈಗಲೂ ಇವೆ ಎಂದು ಅಜ್ಜಿಯೇ ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು. ಸೋತೆ ಅನ್ನಲಿಲ್ಲ, ಅದು ಬೇರೆ ಮಾತು. ಎರಡು ಭಾಷೆ ಬರುವ ಹುಡುಗಿಗೆ ಸಿಕ್ಕಿದ ಈ ಸಂತೋಷ ಬೆಂಗಳೂರಿನಲ್ಲಿ ಒಂದೇ ಭಾಷೆಯಲ್ಲಿ ಬೆಳೆದವರಿಗೆ ಸುಲಭಕ್ಕೆ ಸಿಕ್ಕದು.

ಹುಡುಗನ ವಿಷಯ ಬೇಗ ಮುಗಿಯುತ್ತದೆ. ಅವನಿಗೆ ಹುಲಿ ಬೇಕು. ನಮ್ಮ ಊರು ಸತ್ಯಮಂಗಲದ ಹುಲಿ ಕಾಡಿನ ಅಂಚಿನಲ್ಲೇ ಇರುವುದರಿಂದ ಅಜ್ಜಿಯ ಕಥೆಯಲ್ಲಿ ಹುಲಿ ಇದ್ದೇ ಇರುತ್ತದೆ. ಕೆನೆತ್ ಆಂಡರ್ಸನ್ ಕಥೆಗಳನ್ನು ತೇಜಸ್ವಿ ಕನ್ನಡಕ್ಕೆ ತಂದಿದ್ದಾರಲ್ಲ, ಅದರಲ್ಲಿ ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಕೊಟ್ಟೆ. ದಿನಕ್ಕೆ ನಾಲ್ಕು ಪುಟ. ಹುಲಿಯ ಬದಲು ಚಿರತೆ ಕೊಟ್ಟೆ ಎಂದು ತಕರಾರು ಇದೆ, ಓದು ನಡೆದಿದೆ.

ಹಾಗಾದರೆ ಕುವೆಂಪು, ಕಾರಂತ, ಮಾಸ್ತಿ ಬೇಡವೇ ಎಂದು ಸಂಘದ ಹಿರಿಯ ಮಿತ್ರರೊಬ್ಬರು ನನ್ನನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳಿದರು. ಬೇಕು ಸ್ವಾಮಿ, ಯಾರು ಬೇಡ ಅಂದರು? ‘ಚೋಮನ ದುಡಿ’ ಚಿಕ್ಕ ಪುಸ್ತಕ, 1933ರದ್ದು, ಗಟ್ಟಿಯಾಗಿ ಓದಿದರೆ ಕೆಲವೇ ಸಂಜೆಗೆ ಮುಗಿಯುತ್ತದೆ. ಅದು ಬರಲಿ. ದೊಡ್ಡ ಪುಸ್ತಕಗಳಿಗೆ ಅವಸರವಿಲ್ಲ, ಅವು ಕಾಯುತ್ತವೆ. ಆದರೆ ಹದಿನೈದರ ಹುಡುಗಿಗೆ ‘ಕನ್ನಡ ಅಂದರೆ ಕಷ್ಟ’ ಅಂತ ಒಮ್ಮೆ ಅನಿಸಿಬಿಟ್ಟರೆ ಅವಳು ಕಾಯುವುದಿಲ್ಲ. ಇಂಗ್ಲಿಷಿನಲ್ಲಿ ಓದಲು ಅವಳಿಗೆ ಬೇಕಾದಷ್ಟಿದೆ.

ಇನ್ನೊಂದು ಕಡೆಯಿಂದ ಚಿಕ್ಕಮ್ಮನ ವಾದ. ಇಷ್ಟು ಓದುತ್ತಾಳಲ್ಲ, ಎನ್‌ಐಓಎಸ್ ಭಾಷೆಗಳಲ್ಲಿ ಕನ್ನಡವೂ ಇದೆ, ಅದನ್ನೇ ಒಂದು ವಿಷಯವಾಗಿ ತೆಗೆದುಕೊಳ್ಳಲಿ, ಓದಿದ್ದಕ್ಕೆ ಮಾರ್ಕಾದರೂ ಬರಲಿ ಎಂದು. ಹೋದ ವಾರ ಈ ಮಾತಿಗೆ ಮನೆಯಲ್ಲಿ ಮುಖ ಊದಿಸಿಕೊಳ್ಳುವಷ್ಟು ಜಗಳವಾಯಿತು. “ಮಾರ್ಕಿಗೆ ಅಂದ್ರೆ ನಾನು ಓದಲ್ಲ” ಅಂದಳು ಹುಡುಗಿ. ನನಗೆ ಇದರಲ್ಲಿ ಸ್ಪಷ್ಟ ಅಭಿಪ್ರಾಯ ಇಲ್ಲ. ಪರೀಕ್ಷೆ ಅಂತ ಇದ್ದುದರಿಂದಲೇ ನನ್ನ ಕನ್ನಡ ಉಳಿಯಿತು ಎಂಬುದೂ ನಿಜ. ಪಠ್ಯದ ಆಚೆ ಒಂದು ಕನ್ನಡ ಪುಸ್ತಕ ಮುಟ್ಟದೆ ಹತ್ತನೆಯ ತರಗತಿ ಮುಗಿಸಿದೆ ಎಂಬುದೂ ನಿಜ. ಸದ್ಯಕ್ಕೆ ಬೇಸಿಗೆ ಕಳೆಯುವ ತನಕ ಆ ಮಾತು ಎತ್ತಬೇಡಿ ಎಂದು ಚಿಕ್ಕಮ್ಮನನ್ನು ಬೇಡಿಕೊಂಡಿದ್ದೇನೆ.

ಸಂಘ ಏನು ಮಾಡಬಹುದು? ಪಟ್ಟಿಯ ಬದಲು ಜನ ಕೊಡಲಿ. ನಾವು ಹದಿನೆಂಟು ಜನ ಇದ್ದೇವೆ. ಒಬ್ಬೊಬ್ಬರು ಒಂದೊಂದು ಮನೆಗೆ ಭಾನುವಾರ ಹೋಗಿ, ಮೊದಲು ಆ ಹುಡುಗನಿಗೆ ಏನು ಹುಚ್ಚು ಅಂತ ಕೇಳಿ, ಅದಕ್ಕೆ ಸರಿಯಾದ ಪುಸ್ತಕ ಹುಡುಕಿ, ಮೊದಲ ಇಪ್ಪತ್ತು ಪುಟ ಗಟ್ಟಿಯಾಗಿ ಓದಿ ಬರಲಿ. ಕಿವಿ ದಾರಿ ತೋರಿಸಿದರೆ ಕಣ್ಣು ಹಿಂದೆ ಬರುತ್ತದೆ. ಪುಸ್ತಕ ಇಲ್ಲಿ ಎಲ್ಲಿ ಸಿಗುತ್ತವೆ ಅನ್ನುವ ನೆಪ ಬೇಡ. 1954ರ ಕಾಯಿದೆ ಪ್ರಕಾರ ದೇಶದಲ್ಲಿ ಅಚ್ಚಾದ ಪ್ರತಿ ಪುಸ್ತಕದ ಒಂದು ಪ್ರತಿ ಕಳಿಸಬೇಕಾದ ನಾಲ್ಕು ಗ್ರಂಥಾಲಯಗಳಲ್ಲಿ ಎಗ್ಮೋರಿನ ಕನ್ನೆಮರಾ ಒಂದು. ನಮ್ಮಲ್ಲಿ ಎಷ್ಟು ಜನ ಅದರ ಮೆಟ್ಟಿಲು ಹತ್ತಿದ್ದೇವೆ? ಒಂದು ಕಾಲಕ್ಕೆ ಇಡೀ ಕರ್ನಾಟಕದ ಮಕ್ಕಳಿಗೆ ಕಥೆ ಹೋಗುತ್ತಿದ್ದದ್ದು ಈ ಊರಿನಿಂದ. ಚಂದಮಾಮ 1949ರಿಂದ ಕನ್ನಡದಲ್ಲೂ ಬರುತ್ತಿತ್ತು, ವಡಪಳನಿಯಲ್ಲಿ ತಯಾರಾಗಿ ಹಳ್ಳಿ ಹಳ್ಳಿಗೆ ಹೋಗುತ್ತಿತ್ತು. 2013ರ ಹೊತ್ತಿಗೆ ಅದೂ ನಿಂತುಹೋಯಿತು. ಈಗ ವಡಪಳನಿಯ ಕನ್ನಡ ಮಕ್ಕಳಿಗೆ ನಾವು ಕಥೆ ತಲುಪಿಸಬೇಕು.

ನಂಗನಲ್ಲೂರಿನಲ್ಲಿ ಈಗ ‘ಕಾರ್ವಾಲೊ’ ನಡೆಯುತ್ತಿದೆ. ಊಟವಾದ ಮೇಲೆ ಹುಡುಗಿಯೇ ಓದುತ್ತಾಳೆ, ಹುಡುಗ ಚಿರತೆ ಬಿಟ್ಟು ಬಂದು ಕೂರುತ್ತಾನೆ. ಮಂದಣ್ಣನ ಮಾತು ಬಂದಾಗಲೆಲ್ಲ ಅಜ್ಜಿ, “ಇವನು ನಮ್ಮೂರಿನವನೇ ಇರಬೇಕು” ಅನ್ನುತ್ತಾರೆ. ಮೂಡಿಗೆರೆ ಎಲ್ಲಿ, ತಾಳವಾಡಿ ಎಲ್ಲಿ! ಹಾರುವ ಓತಿ ಸಿಕ್ಕುತ್ತದೋ ಇಲ್ಲವೋ ಎಂದು ಮೊನ್ನೆ ನನ್ನನ್ನು ಗುಟ್ಟಾಗಿ ಕರೆದು ಕೇಳಿದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಒಳಗಿನಿಂದ ಹುಡುಗಿ ಕೂಗಿದಳು: “ಅಣ್ಣಾ, ಹೇಳಿದ್ರೆ ನೋಡು!”