ನೆರೆಮನೆಯ ಧರ್ಮ: ಪ್ರಶ್ನೆ ಕೇಳಬೇಕಾದ ಜಾಗ ಯಾವುದು?

2020ರ ಜನವರಿಯಲ್ಲಿ ಬೆಂಗಳೂರಿನ ಟಾಸ್ಕರ್ ಟೌನ್‌ನ ಮೋದಿ ಮಸೀದಿ ಅನ್ಯಧರ್ಮೀಯರಿಗೂ ಬಾಗಿಲು ತೆರೆದು, ಪ್ರಾರ್ಥನಾ ಸ್ಥಳವನ್ನು ನೋಡಲು ಆಹ್ವಾನಿಸಿತ್ತು. ಜರ್ಮನಿಯಲ್ಲಿ 1997ರಿಂದ ಪ್ರತಿ ಅಕ್ಟೋಬರ್ 3ರಂದು, ಬ್ರಿಟನ್ನಿನಲ್ಲಿ 2015ರಿಂದ ಇಂತಹ ಮಸೀದಿ ದರ್ಶನಗಳು ನಡೆಯುತ್ತ ಬಂದಿವೆ. ಇವುಗಳ ಹಿಂದಿನ ತರ್ಕ ಸರಳವಾದುದು. ತಿಳಿಯದವರು ಕೇಳಲಿ, ತಿಳಿದವರು ಹೇಳಲಿ ಎಂಬುದಷ್ಟೇ.

2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಮುಸ್ಲಿಮರ ಪ್ರಮಾಣ ಶೇಕಡ 12.9. ಅಂದರೆ ಎಂಟು ಮಂದಿಯಲ್ಲಿ ಸುಮಾರು ಒಬ್ಬರು. ಅಂಗಡಿ, ಕಚೇರಿ, ಬಸ್ಸುಗಳಲ್ಲಿ ದಿನನಿತ್ಯ ಜೊತೆಗಿರುವ ಈ ಜನರ ನಂಬಿಕೆಯ ಬಗ್ಗೆ ಉಳಿದವರಲ್ಲಿ ಕುತೂಹಲವಿದೆ. ಆದರೆ ಕೇಳಿದರೆ ಎಲ್ಲಿ ಬೇಸರವಾದೀತೋ ಎಂಬ ಅಳುಕೂ ಇದೆ. ಕೇಳದೆ ಉಳಿದ ಪ್ರಶ್ನೆಯ ಜಾಗವನ್ನು ವದಂತಿ ತುಂಬುತ್ತದೆ. ಕಳೆದ ಕೆಲವು ವರ್ಷಗಳಲ್ಲಿ ರಾಜ್ಯ ಕಂಡ ಹಲವು ವಿವಾದಗಳ ಬೇರು ಇಲ್ಲಿದೆ.

ಸಾಮಾನ್ಯವಾಗಿ ಎದುರಾಗುವ ಒಂದು ಪ್ರಶ್ನೆ: ವಿಗ್ರಹಾರಾಧನೆಯನ್ನು ಒಪ್ಪದವರು ಕಾಬಾದ ಕಡೆಗೇಕೆ ತಲೆಬಾಗುತ್ತಾರೆ? ಪ್ರಶ್ನೆಯಲ್ಲಿ ಅಗೌರವವೇನೂ ಇಲ್ಲ. ಕಾಬಾ ಪೂಜಾವಸ್ತುವಲ್ಲ, ದಿಕ್ಕು ಮಾತ್ರ ಎಂಬುದು ಧರ್ಮಜ್ಞರ ಉತ್ತರ. ಎಲ್ಲ ದೇಶಗಳವರೂ ಒಂದೇ ಕೇಂದ್ರದತ್ತ ಮುಖ ಮಾಡಲು ಅದು ಗುರುತು. ಮೆಕ್ಕಾ ವಶವಾದ ದಿನ ಬಿಲಾಲರು ಕಾಬಾದ ಮೇಲೇರಿ ಅಜಾನ್ ಕೂಗಿದರೆಂದು ಸಂಪ್ರದಾಯ ಹೇಳುತ್ತದೆ. ಪೂಜಾವಸ್ತುವಿನ ಮೇಲೆ ಯಾರೂ ಕಾಲಿಡುವುದಿಲ್ಲವಷ್ಟೆ. ಅಂತೆಯೇ ಪ್ರವಾದಿ ಮಹಮ್ಮದರು ಮುಸ್ಲಿಮರಿಗೆ ಅತ್ಯಂತ ಗೌರವಾನ್ವಿತರು, ಆದರೆ ಆರಾಧ್ಯರಲ್ಲ.

ರಂಜಾನ್ ಪ್ರತಿವರ್ಷ ಬೇರೆ ಋತುವಿನತ್ತ ಸರಿಯುವುದೇಕೆ ಎಂಬುದು ಮತ್ತೊಂದು ಪ್ರಶ್ನೆ. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ. ನಮ್ಮ ಪಂಚಾಂಗದಂತೆ ಅಧಿಕಮಾಸ ಸೇರಿಸುವ ಪದ್ಧತಿ ಅದರಲ್ಲಿಲ್ಲ. ಹಾಗಾಗಿ ಹಬ್ಬಗಳು ವರ್ಷಕ್ಕೆ ಹತ್ತು-ಹನ್ನೊಂದು ದಿನ ಮುಂಚಿತವಾಗಿ ಬರುತ್ತವೆ. ಕರಾವಳಿಯವರು ಕೇರಳದ ಚಂದ್ರದರ್ಶನವನ್ನು ಅನುಸರಿಸುವುದುಂಟು. ಆದ್ದರಿಂದಲೇ ಮಂಗಳೂರಿನ ಈದ್ ಕೆಲವು ವರ್ಷ ಬೆಂಗಳೂರಿಗಿಂತ ಒಂದು ದಿನ ಮೊದಲೇ ಬರುತ್ತದೆ.

ಈ ಕೊನೆಯ ಸಂಗತಿ ಮಹತ್ವದ್ದು. 'ಮುಸ್ಲಿಮರು ಏನು ನಂಬುತ್ತಾರೆ' ಎಂಬ ಪ್ರಶ್ನೆಗೆ ಅನೇಕ ವೇಳೆ ಒಂದೇ ಉತ್ತರವಿರುವುದಿಲ್ಲ. ಕರಾವಳಿಯ ಬ್ಯಾರಿಗಳು ಮತ್ತು ಭಟ್ಕಳದ ನವಾಯತರು ಶಾಫಿ ಪಂಥದವರು. ಒಳನಾಡಿನ ದಖನಿ ಭಾಷಿಕರಲ್ಲಿ ಹೆಚ್ಚಿನವರು ಹನಫಿಗಳು. ಕಲಬುರಗಿಯ ಖ್ವಾಜಾ ಬಂದೇನವಾಜರ ದರ್ಗಾದ ಉರುಸಿಗೆ ಸಹಸ್ರಾರು ಜನ ಸೇರುತ್ತಾರೆ. ದರ್ಗಾ ಆಚರಣೆಗಳನ್ನೇ ಒಪ್ಪದ ಮುಸ್ಲಿಮರೂ ಅದೇ ನಗರದಲ್ಲಿದ್ದಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂಗಳೇ ಮುಂದೆ ನಿಂತು ಮೊಹರಂ ನಡೆಸುವುದೂ ಇದೆ.

ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದಾಗ ಈ ವೈವಿಧ್ಯಕ್ಕೆ ಎಡೆ ಕಡಿಮೆ. ಅಲ್ಲಿ ಹೌದು ಅಥವಾ ಅಲ್ಲ ಎಂಬ ತೀರ್ಮಾನವೇ ಬೇಕು. ಒಂದು ಆಚರಣೆ ಧರ್ಮದ ಅವಿಭಾಜ್ಯ ಅಂಗವೇ ಎಂಬ ಪರೀಕ್ಷೆಯ ಮೂಲ ಉಡುಪಿಯ ಶೀರೂರು ಮಠದ ಪ್ರಕರಣದಲ್ಲಿದೆ. ಅದನ್ನು ಪ್ರಧಾನವಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ಅರಿಯಬೇಕೆಂದು ಸುಪ್ರೀಂ ಕೋರ್ಟ್ 1954ರಲ್ಲಿ ಹೇಳಿತ್ತು. ಮಠವೊಂದರ ಹಕ್ಕಿನ ಪ್ರಶ್ನೆಯಿಂದ ಹುಟ್ಟಿದ ಈ ಅಳತೆಗೋಲು 2022ರಲ್ಲಿ ಕಾಲೇಜು ವಿದ್ಯಾರ್ಥಿನಿಯರ ಹಿಜಾಬಿಗೆ ಅನ್ವಯವಾಯಿತು. ಆ ವಿವಾದದ ಕೇಂದ್ರವೂ ಉಡುಪಿಯೇ ಎಂಬುದು ಗಮನಾರ್ಹ.

2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟ್, ಹಿಜಾಬ್ ಇಸ್ಲಾಮಿನ ಅವಿಭಾಜ್ಯ ಆಚರಣೆಯಲ್ಲವೆಂದು ತೀರ್ಪಿತ್ತಿತು. ಅದಕ್ಕೆ ಅಬ್ದುಲ್ಲಾ ಯೂಸುಫ್ ಅಲಿಯವರ ಇಂಗ್ಲಿಷ್ ಕುರಾನ್ ಅನುವಾದ ಮತ್ತು ಟಿಪ್ಪಣಿಗಳನ್ನು ಆಧರಿಸಿತ್ತು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ನ್ಯಾಯಮೂರ್ತಿ ಹೇಮಂತ್ ಗುಪ್ತ ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿದರೆ, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವಿಭಾಜ್ಯತೆಯ ಚರ್ಚೆಯೇ ಇಲ್ಲಿ ಅನಗತ್ಯ, ಇದು ಆಯ್ಕೆಯ ವಿಷಯ ಎಂದರು. ಗ್ರಂಥ ಏನು ಹೇಳುತ್ತದೆ ಎಂಬುದು ಒಂದು ಪ್ರಶ್ನೆ. ಆ ಹುಡುಗಿ ಅದನ್ನೇಕೆ ಧರಿಸುತ್ತಾಳೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಆಕೆಯ ಬಳಿ ಮಾತ್ರ ಇದೆ.

ಅಜಾನ್ ವಿಷಯವೂ ಹೀಗೆಯೇ. ಅದರ ಪದಗಳು ಅನ್ಯರ ನಂಬಿಕೆಗೆ ನೋವುಂಟುಮಾಡುತ್ತವೆಂಬ ಅರ್ಜಿಯನ್ನು ಹೈಕೋರ್ಟ್ 2022ರ ಆಗಸ್ಟಿನಲ್ಲಿ ಒಪ್ಪಲಿಲ್ಲ. ಆದರೆ ಶಬ್ದಮಾಲಿನ್ಯದ ನಿಯಮಗಳು ಪಾಲನೆಯಾಗಬೇಕೆಂದಿತು. ದೇವರು ದೊಡ್ಡವನು, ಪ್ರಾರ್ಥನೆಗೆ ಬನ್ನಿ ಎಂಬ ಕರೆಯ ಅರ್ಥ ಒಂದು ವಿಷಯ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಇರುವ ನಿರ್ಬಂಧ ಇನ್ನೊಂದು. ಈ ನಿರ್ಬಂಧ ಎಲ್ಲ ಧರ್ಮಗಳಿಗೂ ಸಮಾನ. ಎರಡನ್ನೂ ಬೆರೆಸಿದಾಗ ಕಾನೂನಿನ ಪ್ರಶ್ನೆ ಧರ್ಮದ್ವೇಷದ ರೂಪ ತಾಳುತ್ತದೆ.

ಹಾಗೆಂದು ಕಠಿಣ ಪ್ರಶ್ನೆಗಳನ್ನು ಕೇಳಲೇಬಾರದೆಂದಲ್ಲ. ಮಸೀದಿಗೆ ಸ್ತ್ರೀಯರ ಪ್ರವೇಶಕ್ಕೆ ಇಸ್ಲಾಮಿನಲ್ಲಿ ನಿಷೇಧವಿಲ್ಲವೆಂದು ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೇ 2020ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿದೆ. ಹಾಗಿದ್ದೂ ಅನೇಕ ಮಸೀದಿಗಳಲ್ಲಿ ಅವರಿಗೆ ಸ್ಥಳವಿಲ್ಲ. ಏಕೆ? 2017ರಲ್ಲಿ ನ್ಯಾಯಾಲಯ ಅಸಿಂಧುಗೊಳಿಸಿದ ದಿಢೀರ್ ತ್ರಿವಳಿ ತಲಾಖನ್ನು ಅಷ್ಟು ಕಾಲ ಸಹಿಸಿದ್ದೇಕೆ? ಇವುಗಳನ್ನು ಮೊದಲು ಕೇಳಿದವರು ಹೊರಗಿನವರಲ್ಲ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ತಲಾಖ್ ನೀತಿಯ ಕ್ರೌರ್ಯವನ್ನು 1980ರ ದಶಕದಲ್ಲೇ ಕನ್ನಡಿಗರ ಮುಂದಿಟ್ಟಿತ್ತು. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರ ಕಥೆಗಳೂ ಒಳಗಿನಿಂದಲೇ ಎದ್ದ ಪ್ರಶ್ನೆಗಳು. ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಆಹ್ವಾನಿಸಿದಾಗ ಅವರ ಧರ್ಮವನ್ನೇ ಆಕ್ಷೇಪವಾಗಿಸಿ ನ್ಯಾಯಾಲಯಕ್ಕೆ ಹೋದವರಿದ್ದರು. ಅರ್ಜಿಗಳು ತಿರಸ್ಕೃತವಾದವು.

ಪ್ರಶ್ನೆಯ ಗೌರವ ಅದರ ಮೃದುತ್ವದಲ್ಲಿಲ್ಲ. ಉತ್ತರ ಕೇಳಿಸಿಕೊಳ್ಳುವ ಸಿದ್ಧತೆಯಲ್ಲಿದೆ. ಕೇಳುವವರು ಒಂದಕ್ಕಿಂತ ಹೆಚ್ಚು ಉತ್ತರಗಳಿಗೆ ಸಿದ್ಧರಿರಬೇಕು. ಹೇಳುವವರು ಪ್ರತಿ ಸಂಶಯವನ್ನೂ ದಾಳಿಯೆಂದು ಭಾವಿಸಬಾರದು. ಕುರಾನಿನ ಕನ್ನಡ ಅನುವಾದಗಳು ಲಭ್ಯವಿವೆ, ಬಲ್ಲವರು ಪಕ್ಕದ ಬೀದಿಯಲ್ಲಿದ್ದಾರೆ. ನೆರೆಹೊರೆಯಲ್ಲೇ ಬಗೆಹರಿಯಬಹುದಾದ ಕುತೂಹಲ ಕೋರ್ಟಿನ ಕಟ್ಟೆ ಏರಿದರೆ, ಗೆದ್ದವರಿಗೂ ಸೋತವರಿಗೂ ಕೈಗೆ ಸಿಗುವುದು ಆದೇಶದ ಪ್ರತಿ ಮಾತ್ರ, ತಿಳಿವಳಿಕೆಯಲ್ಲ.