ಪಿಟ್ ಬುಲ್ ಮರಿಗಳೂ ಸಾಕಿದವರ ಹೊಣೆಯೂ

ಪಿಟ್ ಬುಲ್ ಜಾತಿಯ ನಾಯಿಯನ್ನು ಸಾಕಿಕೊಂಡಿರುವ ಗೃಹಸ್ಥರು ಅದರಿಂದ ಮರಿ ಮಾಡಿಸುವುದು ಉಚಿತವೇ ಎಂಬ ಪ್ರಶ್ನೆಯು ಮೊದಲ ನೋಟಕ್ಕೆ ಅಗ್ರಲೇಖನಕ್ಕೆ ತಕ್ಕ ವಿಷಯವೆಂದು ತೋರಲಾರದು. ನಾಯಿ ಅವರದು, ಅಂಗಳ ಅವರದು, ಹಾಕುವ ಅನ್ನವೂ ಅವರದು. ಪರರಿಗೇನು ಎಂದು ಯಾರಾದರೂ ಕೇಳಬಹುದು. ಆದರೆ ಹುಟ್ಟಿದ ಮರಿಗಳು ಹುಟ್ಟಿದ ಅಂಗಳದಲ್ಲಿಯೇ ಉಳಿಯತಕ್ಕವಲ್ಲ. ಎರಡು ತಿಂಗಳು ತುಂಬುತ್ತಲೇ ಅವು ಬೇರೆ ಮನೆ, ಬೇರೆ ಬೀದಿ, ಬೇರೆ ಊರುಗಳನ್ನು ಸೇರುತ್ತವೆ. ಅಲ್ಲಿಂದ ಮುಂದೆ ಅದು ಒಬ್ಬರ ಮನೆಯ ವಿಚಾರವಾಗಿರದೆ ಊರಿನ ವಿಚಾರವಾಗುತ್ತದೆ.

೨೦೨೨ನೆಯ ಇಸವಿಯ ಜುಲೈ ತಿಂಗಳಲ್ಲಿ ಲಖನೌ ಪಟ್ಟಣದಲ್ಲಿ ಎಂಬತ್ತೆರಡು ವರ್ಷದ ನಿವೃತ್ತ ಉಪಾಧ್ಯಾಯಿನಿಯೊಬ್ಬರು ತಮ್ಮ ಮನೆಯಲ್ಲಿಯೇ ಸಾಕಿದ್ದ ಪಿಟ್ ಬುಲ್ ನಾಯಿಯ ಬಾಯಿಗೆ ಸಿಕ್ಕಿ ಪ್ರಾಣ ಬಿಟ್ಟರು. ಆ ಸುದ್ದಿಯು ದೇಶವನ್ನೇ ನಡುಗಿಸಿತು. ೨೦೨೪ನೆಯ ಮಾರ್ಚಿ ೧೨ರಂದು ಕೇಂದ್ರ ಸರ್ಕಾರದ ಪಶುಸಂಗೋಪನಾ ಇಲಾಖೆಯವರು ಪಿಟ್ ಬುಲ್ ಮೊದಲಾದ ೨೩ ಜಾತಿಯ ನಾಯಿಗಳ ಆಮದು, ಮಾರಾಟ, ಮರಿ ಮಾಡಿಸುವಿಕೆಗಳನ್ನು ತಡೆಯಬೇಕೆಂದೂ, ಈಗಾಗಲೇ ಮನೆಗಳಲ್ಲಿರುವ ಅಂಥ ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದೂ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿದರು. ಒಂದು ತಿಂಗಳು ತುಂಬುವುದರೊಳಗೆ, ಏಪ್ರಿಲ್ ೧೦ರಂದು, ನಮ್ಮ ಕರ್ನಾಟಕದ ಹೈಕೋರ್ಟು ಆ ಸುತ್ತೋಲೆಯನ್ನು ರದ್ದುಮಾಡಿತು. ಸಂಬಂಧಪಟ್ಟವರ ಮಾತನ್ನು ಕೇಳದೆ ಅದನ್ನು ಹೊರಡಿಸಲಾಗಿತ್ತೆಂಬುದು ಮುಖ್ಯ ಆಕ್ಷೇಪಣೆ. ಕ್ರಮವರಿತು ವಿಚಾರಣೆ ನಡೆಸಿ ಮತ್ತೆ ನಿಯಮ ಮಾಡುವುದಕ್ಕೆ ಸರ್ಕಾರಕ್ಕೆ ಅಡ್ಡಿಯಿಲ್ಲವೆಂದೂ ನ್ಯಾಯಸ್ಥಾನವು ತಿಳಿಸಿತು.

ಆ ತೀರ್ಪು ಸರಿಯಾದುದೆಂದೇ ನಮ್ಮ ಅಭಿಪ್ರಾಯ. ಜನರನ್ನು ಕೇಳದೆ ಅಪ್ಪಣೆ ಮಾಡುವ ಅಭ್ಯಾಸವು ನಾಯಿಯ ವಿಷಯದಲ್ಲಿ ಮೊದಲಾದರೂ ನಾಯಿಯ ವಿಷಯದಲ್ಲಿಯೇ ನಿಲ್ಲುವುದಿಲ್ಲ. ಆದರೆ ಈ ತೀರ್ಪಿಗೆ ಕೆಲವರು ಮಾಡುತ್ತಿರುವ ಅರ್ಥವನ್ನು ಮಾತ್ರ ನಾವು ಒಪ್ಪಲಾರೆವು. ಅಪ್ಪಣೆ ಬಿದ್ದುಹೋಯಿತು, ಆದುದರಿಂದ ಮರಿ ಮಾಡಿಸುವುದು ನಿರ್ದೋಷವಾಯಿತು ಎಂದು ಅವರು ಹೇಳುತ್ತಾರೆ. ನ್ಯಾಯಸ್ಥಾನವು ಸುತ್ತೋಲೆಯ ದೋಷವನ್ನು ಹೇಳಿತೇ ಹೊರತು ಮರಿ ಮಾಡಿಸುವುದರ ಗುಣವನ್ನು ಹೇಳಲಿಲ್ಲ. ಕಾನೂನು ಸುಮ್ಮನಿರುವ ಕಡೆಯಲ್ಲಿ ವಿವೇಕವು ಮಾತನಾಡಬೇಕು.

ನಾಯಿಯ ಮೇಲೆ ನಮಗೆ ದ್ವೇಷವಿಲ್ಲ. ಅದರ ಪೂರ್ವಚರಿತ್ರೆಯನ್ನು ನೋಡಿದರೆ ಅಪರಾಧವು ಮನುಷ್ಯನದೇ. ಇಂಗ್ಲೆಂಡಿನಲ್ಲಿ ಕಟ್ಟಿಹಾಕಿದ ಗೂಳಿಯ ಮೇಲೆ ನಾಯಿಗಳನ್ನು ಬಿಟ್ಟು ನೋಡುವ ಕ್ರೂರ ವಿನೋದವಿತ್ತು. ೧೮೩೫ರಲ್ಲಿ ಅಲ್ಲಿಯ ಪಾರ್ಲಿಮೆಂಟು ಅದನ್ನು ನಿಷೇಧಿಸಿತು. ಆದರೂ ಹೊಂಡಗಳಲ್ಲಿ ನಾಯಿಗೆ ನಾಯಿಯನ್ನು ಕಾದಿಸುವುದು ಗುಟ್ಟಾಗಿ ನಡೆಯಿತು. ಅಲ್ಲಿಯ ಭಾಷೆಯಲ್ಲಿ ಪಿಟ್ ಎಂದರೆ ಹೊಂಡ. ಆ ಹೆಸರೇ ಈ ನಾಯಿಗೆ ಅಂಟಿಕೊಂಡಿತು. ಹಿಡಿದ ಪಟ್ಟನ್ನು ಬಿಡದ, ಗಾಯವನ್ನು ಲೆಕ್ಕಿಸದ ನಾಯಿಗಳನ್ನೇ ಆರಿಸಿ ಆರಿಸಿ ತಲೆಮಾರುಗಳವರೆಗೆ ಮರಿ ಮಾಡಿಸಿದರು. ವಲಸೆ ಹೋದವರೊಡನೆ ಇವು ಅಮೆರಿಕೆಯನ್ನು ಸೇರಿದುವು. ಇಂದು ಇವುಗಳಲ್ಲಿ ಎಷ್ಟೋ ನಾಯಿಗಳು ಮಕ್ಕಳೊಡನೆ ಸಾಧುವಾಗಿ ಬಾಳುತ್ತಿವೆ. ಇದನ್ನು ಮರೆಮಾಚುವುದು ನ್ಯಾಯವಲ್ಲ. ಆದರೆ ಸಾಮಾನ್ಯ ನಾಯಿ ಕೆರಳಿದರೆ ಗಾಯವಾಗುವ ಕಡೆಯಲ್ಲಿ, ಇಷ್ಟು ಬಲವುಳ್ಳ ನಾಯಿ ಕೆರಳಿದರೆ ಪ್ರಾಣವೇ ಹೋಗಬಹುದು. ಇದನ್ನು ಮರೆಮಾಚುವುದೂ ನ್ಯಾಯವಲ್ಲ.

ಮರಿ ಮಾಡಿಸಬೇಕೆನ್ನುವವರ ವಾದಗಳನ್ನು ನೋಡೋಣ. ಹೆಣ್ಣು ನಾಯಿ ಒಮ್ಮೆಯಾದರೂ ತಾಯಿಯಾಗದಿದ್ದರೆ ಅದರ ಆರೋಗ್ಯ ಕೆಡುವುದೆಂಬುದು ಮೊದಲನೆಯದು. ಪಶುವೈದ್ಯಶಾಸ್ತ್ರದಲ್ಲಿ ಇದಕ್ಕೆ ಆಧಾರವಿಲ್ಲ. ಶಸ್ತ್ರಚಿಕಿತ್ಸೆಯಾದ ಹೆಣ್ಣು ನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬುವ ಮಾರಕ ರೋಗದ ಭಯ ತಪ್ಪುತ್ತದೆ. ಎಳೆಯ ವಯಸ್ಸಿನಲ್ಲಿಯೇ ಮಾಡಿಸಿದರೆ ಮೊಲೆಗಡ್ಡೆಯ ಭಯವೂ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ನಮ್ಮ ನಾಯಿ ಬಹಳ ಸಾಧು, ಅದರ ಮರಿಗಳೂ ಸಾಧುವೇ ಎಂಬುದು ಎರಡನೆಯ ವಾದ. ಹೆತ್ತವರಿಗೆ ಹೆಗ್ಗಣ ಮುದ್ದು. ಸ್ವಭಾವವು ತಾಯಿತಂದೆಗಳಿಂದ ಅಷ್ಟು, ಸಾಕುವ ರೀತಿಯಿಂದ ಅಷ್ಟು ಬರತಕ್ಕದ್ದು. ಮರಿಯನ್ನು ಕೊಂಡವನು ಅದನ್ನು ಕತ್ತಲೆಯ ಮೂಲೆಯಲ್ಲಿ ಸರಪಳಿ ಹಾಕಿ ಕಟ್ಟಿದರೆ, ಕೆರಳಿಸಿ ಕಾದಿಸಿದರೆ, ಮಾರಿದವರು ಅದನ್ನು ತಡೆಯಬಲ್ಲರೇ?

ಮೂರನೆಯ ವಾದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದು ಹಣ. ಈ ಮರಿಗಳಿಗೆ ಬೆಲೆಯುಂಟು. ಮನೆಕಾವಲಿಗಿಂತ ಹೆಚ್ಚಾಗಿ ಪ್ರತಿಷ್ಠೆಗಾಗಿ ಕೊಳ್ಳುವವರುಂಟು. ಹಾಗೆ ಕೊಂಡವರಿಗೆ ಮರಿಯು ವರ್ಷ ತುಂಬಿ ಬಲಿತಾಗ ಅದನ್ನು ಹಿಡಿಯುವ ಶಕ್ತಿಯೂ ಕಲಿಸುವ ಬಿಡುವೂ ಇರುವುದಿಲ್ಲ. ಆಗ ನಾಯಿ ಕೈಯಿಂದ ಕೈಗೆ ಹೋಗುತ್ತದೆ, ಇಲ್ಲವೇ ಬೀದಿಯ ಪಾಲಾಗುತ್ತದೆ. ಒಂದು ಸೂಲಿಗೆ ಆರು ಮರಿಗಳೆಂದು ಇಟ್ಟುಕೊಂಡರೂ ಆರು ಯೋಗ್ಯ ಮನೆಗಳು ಬೇಕು. ಅಂಥ ಆರು ಮನೆಗಳನ್ನು ತಾವು ಬಲ್ಲೆವೆಂದು ಎದೆ ಮುಟ್ಟಿಕೊಂಡು ಹೇಳಬಲ್ಲವರು ಎಷ್ಟು ಮಂದಿ?

ಮಾರಾಟಕ್ಕಾಗಿ ಮರಿ ಮಾಡಿಸುವವರಿಗೆ ೨೦೧೭ರ ನಾಯಿ ಸಂವರ್ಧನ ನಿಯಮಗಳು ಈಗಲೂ ಅನ್ವಯಿಸುತ್ತವೆ ಎಂಬುದನ್ನು ಬಹುಮಂದಿ ಅರಿಯರು. ರಾಜ್ಯದ ಪ್ರಾಣಿಕಲ್ಯಾಣ ಮಂಡಲಿಯಲ್ಲಿ ನೋಂದಣಿ ಮಾಡಿಸಬೇಕು. ಹೆಣ್ಣು ನಾಯಿಗೆ ಹದಿನೆಂಟು ತಿಂಗಳು ತುಂಬಿರಬೇಕು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಕೂಡದು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಮೊಬೈಲಿನಲ್ಲಿ ಚಿತ್ರ ತೋರಿಸಿ ಮರಿ ಮಾರುವ ಹಿತ್ತಿಲ ವ್ಯಾಪಾರಿಗಳು ಇವುಗಳಲ್ಲಿ ಎಷ್ಟನ್ನು ಪಾಲಿಸುತ್ತಾರೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ.

ನಿಷೇಧವೊಂದರಿಂದಲೇ ಎಲ್ಲವೂ ಸರಿಹೋಗುವುದೆಂದು ನಾವು ಹೇಳುವುದಿಲ್ಲ. ಇಂಗ್ಲೆಂಡಿನವರು ೧೯೯೧ರಲ್ಲಿಯೇ ಪಿಟ್ ಬುಲ್ಲಿನ ಮಾರಾಟವನ್ನೂ ಸಂತಾನವನ್ನೂ ಕಾನೂನಿನಿಂದ ತಡೆದರು. ಆ ಮೇಲೆ ಎಕ್ಸೆಲ್ ಬುಲ್ಲಿ ಎಂಬ ಹೆಸರಿನ ಇನ್ನೂ ದೊಡ್ಡ ನಾಯಿಗಳು ಅಲ್ಲಿ ಹೆಚ್ಚಿಕೊಂಡವು. ಅವುಗಳಿಂದ ಜೀವಹಾನಿಯಾದ ಮೇಲೆ ೨೦೨೩ರ ಡಿಸೆಂಬರ್ ೩೧ರಿಂದ ಅವುಗಳ ಮಾರಾಟವನ್ನೂ ಸಂತಾನವನ್ನೂ ನಿಲ್ಲಿಸಬೇಕಾಯಿತು. ಕಾನೂನು ಒಂದು ಹೆಸರನ್ನು ಮುಚ್ಚಿದರೆ ಲಾಭದಾಸೆಯು ಇನ್ನೊಂದು ಹೆಸರನ್ನು ತೆರೆಯುತ್ತದೆ. ಆದಕಾರಣ ಸಾಕಿದವರ ಸಂಯಮವೇ ಮೊದಲನೆಯ ಕಾವಲು.

ನಮ್ಮ ಸಲಹೆಯು ಇಷ್ಟೇ. ಇರುವ ನಾಯಿಯನ್ನು ಯಾರೂ ಹೊರದೂಡಬೇಕಾಗಿಲ್ಲ. ಅದು ನಮ್ಮನ್ನು ನಂಬಿದ ಮೂಕಪ್ರಾಣಿ. ಅದರ ಆಯುಷ್ಯವಿರುವವರೆಗೆ ಅನ್ನ, ನೆರಳು, ಅಕ್ಕರೆಗಳನ್ನು ಕೊಟ್ಟು ಕಾಪಾಡುವುದು ಸಾಕಿದವರ ಧರ್ಮ. ಬೀದಿಗೆ ತರುವಾಗ ಕೊರಳಿಗೆ ಪಟ್ಟಿಯೂ ಬಾಯಿಗೆ ಕುಕ್ಕೆಯೂ ಇರಲಿ. ನಾಯಿಯ ವಿಷಯದಲ್ಲಿ ಅಲಕ್ಷ್ಯ ಮಾಡಿ ಪರರಿಗೆ ಅಪಾಯ ತರುವವರಿಗೆ ಭಾರತೀಯ ನ್ಯಾಯ ಸಂಹಿತೆಯ ೨೯೧ನೆಯ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆವಾಸವುಂಟು. ಆದರೆ ಅದರ ಸಂತಾನವು ಅದರೊಡನೆಯೇ ನಿಲ್ಲಲಿ. ಸರ್ಕಾರದವರು ನ್ಯಾಯಸ್ಥಾನವು ತೋರಿದ ದಾರಿಯಲ್ಲಿ ಪಶುವೈದ್ಯರನ್ನೂ ಸಾಕುವವರನ್ನೂ ನಾಯಿಯಿಂದ ನೊಂದವರನ್ನೂ ವಿಚಾರಿಸಿ, ನಿಲ್ಲತಕ್ಕ ನಿಯಮವೊಂದನ್ನು ಮಾಡಲಿ. ಅಲ್ಲಿಯವರೆಗೆ ಕಾಯಬೇಕಾದ ಅಗತ್ಯವು ಸಜ್ಜನ ಗೃಹಸ್ಥರಿಗಿಲ್ಲ. ತಾನು ಮಾರಿದ ಮರಿಯು ನಾಳೆ ಯಾವ ಮನೆಯ ಮುದುಕಿಯ ಬಳಿ, ಯಾವ ಕೂಸಿನ ಬಳಿ ಮಲಗುವುದೋ ತಿಳಿಯದವನು ಆ ಮರಿಯನ್ನು ಹುಟ್ಟಿಸದಿರುವುದೇ ಲೇಸು.