ಒಂದು ದಿನದ ಹೂವಿಗೆ ಎಷ್ಟು ನೀರು?

ಕೂಡ್ಲಿಗಿ ತಾಲ್ಲೂಕಿನ ಕಾನಹೊಸಹಳ್ಳಿಯಲ್ಲಿ ನಮ್ಮ ಮನೆಯ ಮುಂದೆ ಡೇಲಿಲಿಯ ಪಾತಿಯೊಂದಿದೆ. ಅದನ್ನು ಕಂಡ ನೆರೆಯ ಹಿರಿಯರೊಬ್ಬರು, “ಕುಡಿಯಾಕ ನೀರಿಗೆ ತತ್ವಾರ ಇರೋ ಊರಾಗ ಒಂದು ದಿನಕ್ಕ ಬಾಡೋ ಹೂವಿಗೆ ನೀರು ಹಾಕ್ತೀರಲ್ಲ, ಮೇಷ್ಟ್ರೇ!” ಎಂದರು. ಮಾತು ಚುಚ್ಚುವಂತಿದ್ದರೂ ನ್ಯಾಯವಾಗಿತ್ತು. ಕುಡಿಯುವ ನೀರು ಹೂವಿಗೆ ಸಲ್ಲದೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಅದರಿಂದ ಹೂದೋಟವೇ ಕೂಡದೆಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ.

ಒಂದು ದಿನದ ಹೂವೆಂಬುದೇನೋ ನಿಜ. ಹೆಮೆರೊಕ್ಯಾಲಿಸ್ ಎಂಬ ಇದರ ಶಾಸ್ತ್ರೀಯ ನಾಮದಲ್ಲಿಯೇ ‘ದಿನ’, ‘ಸೌಂದರ್ಯ’ ಎಂಬರ್ಥದ ಎರಡು ಗ್ರೀಕ್ ಪದಗಳು ಸೇರಿವೆ. ಆದರೆ ಒಂದೇ ದಂಟಿನಲ್ಲಿ ಹಲವು ಮೊಗ್ಗುಗಳಿದ್ದು ಒಂದರ ಹಿಂದೊಂದು ಅರಳುವುದರಿಂದ ಪಾತಿಯು ವಾರಗಟ್ಟಲೆ ಬರಿದಾಗದು. ಪೂರ್ವ ಏಷ್ಯ ಮೂಲದ ಈ ಗಿಡದ ಬೇರುಗಳು ಅಲ್ಲಲ್ಲಿ ಗೆಡ್ಡೆಯಂತೆ ಉಬ್ಬಿ ನೀರನ್ನೂ ಆಹಾರವನ್ನೂ ಕೂಡಿಡುತ್ತವೆ.

ಇನ್ನು ಲೆಕ್ಕ. ಬೇಸಿಗೆಯಲ್ಲಿ ನಮ್ಮ ಕಡೆ ಒಂದು ಚದರ ಮೀಟರು ನೆಲದ ಮೇಲೆ ದಿನಕ್ಕೆ ಬೀಳುವ ಬಿಸಿಲಿನ ಶಕ್ತಿ ಸುಮಾರು 6 ಯೂನಿಟ್ಟು; ವಿದ್ಯುತ್ತಿನ ಬಿಲ್ಲಿನಲ್ಲಿ ಕಾಣುವ ಯೂನಿಟ್ಟೇ ಇದು. ಅದಷ್ಟೂ ನೀರನ್ನು ಆವಿಯಾಗಿಸಲು ವ್ಯಯವಾದರೆ 8 ಲೀಟರಿಗೂ ಹೆಚ್ಚು ನೀರು ಹಾರಿಹೋದೀತು. ಹೀಗಿರುವಾಗ ದಿನವೂ ಒಂದೆರಡು ತಂಬಿಗೆ ಚಿಮುಕಿಸುವುದು ಸೂರ್ಯನಿಗೆ ಒಪ್ಪಿಸುವ ಅರ್ಘ್ಯವೇ ಹೊರತು ಗಿಡಕ್ಕೆ ಉಣಿಸುವ ನೀರಲ್ಲ. ಮೊದಲ ಬೇಸಿಗೆಯಲ್ಲಿ ನಾವೂ ಅದನ್ನೇ ಮಾಡಿದೆವು. ಮೇಲ್ಮಣ್ಣು ಒದ್ದೆ, ಒಂದು ಗೇಣು ಕೆಳಗೆ ಬರಿಯ ಧೂಳು. ಮೊಗ್ಗುಗಳು ಅರಳುವ ಮುನ್ನವೇ ಉದುರಿದವು. ತರಗತಿಯಲ್ಲಿ ಗುಪ್ತೋಷ್ಣದ ಪಾಠ ಹೇಳುವವರಿಗೆ ಇದು ನಾಚಿಕೆಯ ಸಂಗತಿಯೇ ಸರಿ.

ಈಗ ಚದರ ಮೀಟರಿಗೆ ವಾರಕ್ಕೊಮ್ಮೆ 25 ಲೀಟರು, ಎಂದರೆ 25 ಮಿಲಿಮೀಟರು ಮಳೆ ಬಿದ್ದಷ್ಟು ನೀರನ್ನು, ಬೆಳಗಿನ ಹೊತ್ತು ನಿಧಾನವಾಗಿ ಇಂಗಿಸುತ್ತೇವೆ. ಅದೆಲ್ಲವೂ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು. ಕೂಡಿಟ್ಟರೆ ಹುಳಿತು ನಾರುವುದರಿಂದ ಎರಡು ಚದರ ಮೀಟರಿನ ಪಾತಿಯನ್ನು ಏಳು ಭಾಗ ಮಾಡಿ, ದಿನಕ್ಕೊಂದು ಭಾಗಕ್ಕೆ ಸುಮಾರು 7 ಲೀಟರಿನಂತೆ ಹಾಕುತ್ತೇವೆ. ಮಣ್ಣಿನ ಮೇಲೆ ಎರಡು ಅಂಗುಲ ಶೇಂಗಾ ಸಿಪ್ಪೆ ಹರಡಿದೆ. ಬಿಸಿಲು ನೇರವಾಗಿ ನೆಲಕ್ಕೆ ತಾಗದು. ಸಿಪ್ಪೆಗಳ ನಡುವಣ ನಿಶ್ಚಲವಾದ ಗಾಳಿಯು ಆವಿಯನ್ನು ಬೇಗನೆ ಹೊರಬಿಡದು. ಬುಡ ಕೊಳೆಯದಂತೆ ಸಿಪ್ಪೆಯನ್ನು ನಾಲ್ಕು ಬೆರಳು ದೂರವಿಡಬೇಕು.

ನೆಡುವವರು ವರ್ಷವಿಡೀ ಹಸಿರಾಗಿರುವ ತಳಿಯನ್ನೇ ಕೇಳಿ ತರಲಿ. ಚಳಿಗಾಲದಲ್ಲಿ ಎಲೆಯೊಣಗಿ ಮಲಗುವ ತಳಿಗಳಿಗೆ ಬೇಕಾದ ಶೀತ ನಮ್ಮಲ್ಲಿಲ್ಲ. ಬುಡವು ಒಂದು ಅಂಗುಲಕ್ಕಿಂತ ಆಳಕ್ಕೆ ಹೋಗದಿರಲಿ. ಮಧ್ಯಾಹ್ನದ ನೆರಳಿದ್ದರೆ ಉತ್ತಮ. ಮೂರು ನಾಲ್ಕು ವರ್ಷಕ್ಕೊಮ್ಮೆ ಗುಂಪನ್ನು ಬಿಡಿಸಿ ನೆಡಬೇಕು.

ಹುಲ್ಲುಹಾಸಿನ ಪರವಾಗಿ ಮಾತ್ರ ನಾವು ವಾದಿಸಲಾರೆವು.

ಕಳೆದ ಮುಂಗಾರಿನಲ್ಲಿ ಗುಂಪನ್ನು ಬಿಡಿಸಿದಾಗ ಆ ಹಿರಿಯರೂ ಒಂದು ತುಂಡನ್ನು ಕೇಳಿ ಪಡೆದರು. ಬಚ್ಚಲ ನೀರು ಹರಿಯುವೆಡೆ ಅದನ್ನು ನೆಟ್ಟಿದ್ದಾರೆ. ಸೋಪಿನ ನೀರಿನ ವಿಷಯದಲ್ಲಿ ಅವರಿಗೂ ನಮಗೂ ಇನ್ನೂ ಒಮ್ಮತವಾಗಿಲ್ಲ.